ವೈದ್ಯಗದ್ಯದ ಗುಣದೋಷ

ಕ್ಲಿಷ್ಟತೆಯನ್ನು ದೋಷವೆಂದೂ ಪ್ರಸಾದವನ್ನು ಗುಣವೆಂದೂ ಅಲಂಕಾರಶಾಸ್ತ್ರವು ಎಣಿಸುವುದು. ಕನ್ನಡದ ವೈದ್ಯಗದ್ಯಕ್ಕೂ ಈ ಒರೆಗಲ್ಲು ಸಲ್ಲತಕ್ಕುದು. ಹುಟ್ಟಿನೊಡನೆ ಬರುವ ಒಂದು ಹೃದಯದೋಷದ ನಾಲ್ಕು ಲಕ್ಷಣಗಳನ್ನು ಫ್ರಾನ್ಸಿನ ವೈದ್ಯ ಫಾಲೋ 1888ರಲ್ಲಿ ಒಟ್ಟಾಗಿ ವಿವರಿಸಿದನು. ಹೃದಯವನ್ನು ತೆರೆದು ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯು 1954ರಲ್ಲಿ ಅಮೆರಿಕದ ಲಿಲ್ಲೆಹೈ ಎಂಬವರಿಂದ ಸಿದ್ಧಿಸಿತು. ಇದನ್ನು ‘ನಿಲಯಾಂತರ ಪಟಲ ರಂಧ್ರ’ವೇ ಮೊದಲಾದ ಸಮಾಸಗಳಲ್ಲಿ ಹೇಳುವುದು ಪಾಂಡಿತ್ಯವೆನಿಸಬಹುದು. ಆದರೆ ‘ಹೃದಯದ ಕೆಳಕೋಣೆಗಳ ನಡುಗೋಡೆಯಲ್ಲಿ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು, ಶುದ್ಧಿಯಾಗದ ರಕ್ತ ಮೈಗೆ ಹರಿದು ತುಟಿ ನೀಲಿಯಾಗುತ್ತದೆ, ತೂತಿಗೆ ತೇಪೆ ಹಾಕಿ ದಾರಿಯನ್ನು ಅಗಲಿಸಬೇಕು’ ಎಂದರೆ ಶಾಸ್ತ್ರಕ್ಕೆ ಕುಂದಿಲ್ಲ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುವ ಮಂಗಳೂರಿನ ತಾಯಿಯು, ಮಗುವಿನ ಎದೆಯನ್ನು ತೆರೆಯಲು, ಕನ್ನಡದ ಒಪ್ಪಿಗೆಪತ್ರಕ್ಕೆ ರುಜು ಹಾಕಬೇಕಾದೀತು. ಆಕೆಗೆ ಎಟುಕದ ಪ್ರೌಢಿಮೆಯು ಗುಣವಲ್ಲ, ದೋಷವೇ ಸರಿ.