ಜರಡಿ ಹಿಡಿಯುವವರ ಕೂಟ

ಆ ಪಟ್ಟಿಯಲ್ಲಿ ಎರಡು ಫ್ಯಾಕ್ಸ್ ಯಂತ್ರಗಳೂ ಇದ್ದವು. ಕ್ರೇ ಸೂಪರ್ ಕಂಪ್ಯೂಟರಿನಿಂದ ಹಿಡಿದು 16 ಮೆಗಾಹರ್ಟ್ಸ್‌ನ 386 ಪಿಸಿಯವರೆಗೆ ಸುಮಾರು 1600 ಯಂತ್ರಗಳು, ಅವುಗಳ ಹಿಂದೆ ಸುಮಾರು 600 ಜನ, ಇಪ್ಪತ್ತಕ್ಕೂ ಹೆಚ್ಚು ದೇಶಗಳು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಯಾರಿಗೂ ಕೂಲಿ ಇಲ್ಲ. 1993–94ರಲ್ಲಿ ಸುಮಾರು ಎಂಟು ತಿಂಗಳು ಇವರೆಲ್ಲ ಸೇರಿ ಮಾಡಿದ್ದು ಒಂದೇ ಕೆಲಸ: 129 ಅಂಕಿಗಳ ಒಂದು ಸಂಖ್ಯೆಯನ್ನು ಒಡೆಯುವುದು.

ಆ ಸಂಖ್ಯೆಗೊಂದು ಹಿನ್ನೆಲೆ ಇದೆ. ಎಂಐಟಿಯ ರಿವೆಸ್ಟ್, ಶಮೀರ್, ಆಡಲ್‌ಮನ್ ಮೂವರು ಸೇರಿ ರೂಪಿಸಿದ ಗುಪ್ತಲಿಪಿ ಪದ್ಧತಿಯನ್ನು ಸಾಮಾನ್ಯ ಓದುಗರಿಗೆ ಪರಿಚಯಿಸಿದ್ದು 1977ರ ಆಗಸ್ಟ್ ತಿಂಗಳ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಬಂದ ಮಾರ್ಟಿನ್ ಗಾರ್ಡ್ನರ್ ಅಂಕಣ. ಗಣಿತವನ್ನು ಹವ್ಯಾಸವೆಂದು ಬರೆಯುವ ನಮ್ಮಂಥವರಿಗೆಲ್ಲ ಅವರೇ ಕುಲಗುರು. ಅಂಕಣದ ಜೊತೆಗೊಂದು ಸವಾಲೂ ಇತ್ತು. ಈ ಸಂಖ್ಯೆ ಎರಡು ಅವಿಭಾಜ್ಯಗಳ ಗುಣಲಬ್ಧ. ಆ ಎರಡನ್ನು ಹುಡುಕಿದರೆ ಜೊತೆಗೆ ಕೊಟ್ಟಿರುವ ಗುಪ್ತ ಸಂದೇಶ ಓದಬಹುದು. ಓದಿದವರಿಗೆ 100 ಡಾಲರ್ ಬಹುಮಾನ. ಹುಡುಕಲು 40 ಸಾವಿರ ಲಕ್ಷ ಕೋಟಿ ವರ್ಷ ಬೇಕಾದೀತೆಂಬ ಅಂದಾಜೂ ಅಲ್ಲೇ ಅಚ್ಚಾಗಿತ್ತು. ಹದಿನೇಳು ವರ್ಷಕ್ಕೆ ಕೆಲಸ ಮುಗಿಯಿತು. ಅಂಕಣಗಳಲ್ಲಿ ಅಂದಾಜು ಕೊಡುವ ಮುನ್ನ ನನಗೆ ಈ ಸಂಗತಿ ನೆನಪಾಗುತ್ತದೆ.

ಅದೇ 1977ರಲ್ಲಿ ನಮ್ಮ ಬೆಂಗಳೂರಿನ ಶಕುಂತಲಾ ದೇವಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ತೆಗೆದರು. ಉತ್ತರ 546372891. ಆಕೆಗೆ 201 ಅಂಕಿ ಮಣಿಯಿತು, ಜಗತ್ತಿಗೆಲ್ಲ 129 ಅಂಕಿ ಮಣಿಯಲಿಲ್ಲ. ಇದೇನು ವಿಚಿತ್ರ ಎನ್ನಿಸಬಹುದು. ಮೂಲ ತೆಗೆಯುವಾಗ ನಿಮ್ಮ ಊಹೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಸಂಖ್ಯೆಯೇ ಹೇಳುತ್ತದೆ. ಅಪವರ್ತನ ಹುಡುಕುವಾಗ ‘ಹತ್ತಿರ ಬಂದೆ’ ಎಂಬ ಮಾತೇ ಇಲ್ಲ. ಸರಿಯಾದ ಅಪವರ್ತನಕ್ಕಿಂತ ಎರಡೇ ಎರಡು ಕಡಿಮೆ ಇರುವ ಸಂಖ್ಯೆಯಿಂದ ಭಾಗಿಸಿದರೂ ಬರುವ ಶೇಷ ಏನನ್ನೂ ಬಾಯಿಬಿಡುವುದಿಲ್ಲ. ಇನ್ನೂ ಸೋಜಿಗವೆಂದರೆ, ಒಂದು ಸಂಖ್ಯೆ ಒಡೆಯುತ್ತದೋ ಇಲ್ಲವೋ ಎಂಬುದನ್ನು ಒಡೆಯದೆಯೇ ಹೇಳಬಹುದು. ಎಷ್ಟೇ ದೊಡ್ಡ ಸಂಖ್ಯೆಗೂ ಇದನ್ನು ಖಚಿತವಾಗಿ, ಬೇಗ ಹೇಳುವ ದಾರಿಯನ್ನು 2002ರಲ್ಲಿ ತೋರಿಸಿದವರು ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಇವರಲ್ಲಿ ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು. ಒಡೆಯುತ್ತದೆ ಎಂದು ಗೊತ್ತು, ಯಾವುದರಿಂದ ಎಂದು ಗೊತ್ತಿಲ್ಲ. ನಮ್ಮ ಹವ್ಯಾಸ ಬದುಕಿರುವುದೇ ಈ ಸಂದಿಯಲ್ಲಿ.

ಹಾಗಾದರೆ 600 ಜನ ಹಂಚಿಕೊಂಡದ್ದಾದರೂ ಏನನ್ನು? ‘ನೀನು ಇಲ್ಲಿಂದ ಇಲ್ಲಿಯವರೆಗೆ ಭಾಗಿಸು, ನಾನು ಅಲ್ಲಿಂದ ಮುಂದೆ’ ಎಂದು ಗಡಿ ಹಾಕಿಕೊಂಡಿದ್ದರೆ ಅವರ ಮೊಮ್ಮಕ್ಕಳ ಕಾಲಕ್ಕೂ ಮುಗಿಯುತ್ತಿರಲಿಲ್ಲ. ಉಪಾಯ ಬೇರೆ. ಅದನ್ನು ಸಣ್ಣ ಸಂಖ್ಯೆಯೊಂದರಲ್ಲಿ ನೋಡೋಣ, ಪೆನ್ನು ಕಾಗದ ತೆಗೆದುಕೊಳ್ಳಿ.

ಸಂಖ್ಯೆ 1817. ಅದರ ವರ್ಗಮೂಲ 42 ಚಿಲ್ಲರೆ. ಅಲ್ಲಿಂದ ಮೇಲಿನ ಒಂದೊಂದು ಸಂಖ್ಯೆಯ ವರ್ಗ ತೆಗೆದು, 1817 ಕಳೆದು, ಉಳಿದದ್ದನ್ನು ಬಿಡಿಸುತ್ತ ಹೋಗಿ. 43ರ ವರ್ಗ 1849. ಕಳೆದರೆ 32, ಅಂದರೆ ಐದು 2ಗಳ ಗುಣಲಬ್ಧ. 44ಕ್ಕೆ ಉಳಿಯುವುದು 119, 7×17. 45ಕ್ಕೆ 208, ನಾಲ್ಕು 2, ಒಂದು 13. (46ರಲ್ಲಿ ಉತ್ತರ ಪುಕ್ಕಟೆ ಕಣ್ಣಿಗೆ ಬೀಳುತ್ತದೆ. ಅದು ಸಣ್ಣ ಸಂಖ್ಯೆಯ ಪುಣ್ಯ, ನೋಡದವರಂತೆ ಮುಂದೆ ಹೋಗೋಣ.) 47ಕ್ಕೆ 392, ಮೂರು 2, ಎರಡು 7. ಈಗ 32 ಮತ್ತು 392ನ್ನು ಜೊತೆಗಿಡಿ. 2ಗಳು ಐದು ಮತ್ತು ಮೂರು, ಒಟ್ಟು ಎಂಟು. 7ಗಳು ಎರಡು. ಎಲ್ಲ ಎಣಿಕೆಯೂ ಸಮ. ಹಾಗಾಗಿ ಎರಡರ ಗುಣಲಬ್ಧ 12544 ಪೂರ್ಣವರ್ಗ, 112ರ ವರ್ಗ. ಇತ್ತ 43ನ್ನು 47ರಿಂದ ಗುಣಿಸಿದರೆ 2021, ಅದರಲ್ಲಿ 1817 ಕಳೆದರೆ 204. 204ರಲ್ಲಿ 112 ಹೋದರೆ 92. ಈ 92ಕ್ಕೂ 1817ಕ್ಕೂ ಶಾಲೆಯಲ್ಲಿ ಕಲಿತ ಮ.ಸಾ.ಅ. ತೆಗೆಯಿರಿ: 23. ಅಲ್ಲಿಗೆ 1817 ಎಂದರೆ 23×79.

ಒಮ್ಮೆಯೂ ‘23 ಇರಬಹುದೇ’ ಎಂದು ಊಹಿಸಲಿಲ್ಲ ಎಂಬುದನ್ನು ಗಮನಿಸಿ. 32 ತಾನಾಗಿ ಏನನ್ನೂ ಹೇಳುತ್ತಿರಲಿಲ್ಲ, 392 ಕೂಡ. ಜೋಡಿಯಾದಾಗ ಬಾಯಿಬಿಟ್ಟವು. 119ಕ್ಕೆ ಇನ್ನೊಂದು 17 ಸಿಗುವವರೆಗೆ ಅದು ಕಾಯಬೇಕು. ಹೀಗೆ ಸಣ್ಣ ಅವಿಭಾಜ್ಯಗಳಿಗೇ ಪೂರ್ತಿ ಬಿಡಿಸಿಕೊಳ್ಳುವ ಶೇಷಗಳನ್ನು ಈ ಬಳಗದಲ್ಲಿ ‘ರಿಲೇಶನ್’ ಎನ್ನುತ್ತಾರೆ. ಅವುಗಳನ್ನು ಒಂದೊಂದಾಗಿ ಭಾಗಿಸದೆ ರಾಶಿ ರಾಶಿಯಾಗಿ ಸೋಸಿ ತೆಗೆಯುವ ವಿಧಾನವೇ ಕಾರ್ಲ್ ಪಾಮರನ್ಸ್ 1981ರಲ್ಲಿ ಕೊಟ್ಟ ವರ್ಗ ಜರಡಿ. 129 ಅಂಕಿಯ ಸಂಖ್ಯೆಗೆ ಆರಿಸಿಕೊಂಡ ‘ಸಣ್ಣ’ ಅವಿಭಾಜ್ಯಗಳು 5,24,339. ಕೂಡಿಹಾಕಿದ ರಿಲೇಶನ್‌ಗಳು ಸುಮಾರು 82 ಲಕ್ಷ. ಎಂಐಟಿಯ ವಿದ್ಯಾರ್ಥಿ ಡೆರೆಕ್ ಆಟ್ಕಿನ್ಸ್, ಜೊತೆಗೆ ಮೈಕಲ್ ಗ್ರಾಫ್, ಪಾಲ್ ಲೇಲ್ಯಾಂಡ್, ಆರ್ಯೆನ್ ಲೆನ್‌ಸ್ಟ್ರಾ, ಈ ನಾಲ್ವರು ಮೇಳ ಕಟ್ಟಿದವರು. ಬಂದವರಿಗೆಲ್ಲ ಒಂದು ಪ್ರೋಗ್ರಾಮ್ ಕೊಟ್ಟರು. ಯಂತ್ರ ಖಾಲಿ ಕೂತಾಗ ಅದು ಜರಡಿ ಹಿಡಿಯುತ್ತದೆ, ಸಿಕ್ಕಿದ್ದನ್ನು ಇಮೇಲ್‌ನಲ್ಲಿ ಕಳಿಸುತ್ತದೆ.

ಹಳ್ಳಿಯ ಮುಯ್ಯಾಳಿನಲ್ಲಾದರೂ ಇಂದು ನಿನ್ನ ಗದ್ದೆ ನಾಳೆ ನನ್ನ ಗದ್ದೆ ಎಂಬ ಲೆಕ್ಕವಿರುತ್ತದೆ. ಇಲ್ಲಿ ಅದೂ ಇಲ್ಲ. ನನಗೆ ಈ ಹವ್ಯಾಸದಲ್ಲಿ ಅತಿ ರುಚಿಸುವುದು ಇದೇ. ಅತಿ ದೊಡ್ಡ ಅವಿಭಾಜ್ಯ ಹುಡುಕುವ ಗಿಂಪ್ಸ್ ಯೋಜನೆಯೂ ಸ್ವಯಂಸೇವಕರದ್ದೇ. 1996ರಿಂದ ನಡೆದಿದೆ, ಹೆಸರು ದೊಡ್ಡದು. ಆದರೆ ಅದು ಲಾಟರಿ. ಒಬ್ಬರ ಯಂತ್ರಕ್ಕೆ ಬಹುಮಾನ ಹೊಡೆಯುತ್ತದೆ, ಪತ್ರಿಕೆಯಲ್ಲಿ ಅವರ ಹೆಸರು ಬರುತ್ತದೆ. ಉಳಿದ ಸಾವಿರಾರು ಜನರ ಪಾಲಿಗೆ ಬರುವುದು ‘ಈ ಸಂಖ್ಯೆ ಅಲ್ಲ’ ಎಂಬ ಒಂದು ಸಾಲು. ಜರಡಿಯಲ್ಲಿ ಗೆದ್ದವರೇ ಇಲ್ಲ. 82 ಲಕ್ಷದಲ್ಲಿ ಯಾವುದು ನಿರ್ಣಾಯಕವಾಯಿತು ಎಂದು ಕೇಳುವುದಕ್ಕೇ ಅರ್ಥವಿಲ್ಲ. 386 ಪಿಸಿಯವನು ಕಳಿಸಿದ ರಿಲೇಶನ್‌ಗೂ ಕ್ರೇ ಕಳಿಸಿದ ರಿಲೇಶನ್‌ಗೂ ತೂಕ ಒಂದೇ.

ನಂಬಿಕೆಯ ಪ್ರಶ್ನೆಯೂ ಇಲ್ಲಿ ಸಲೀಸು. ಅಪರಿಚಿತನೊಬ್ಬ ಸುಳ್ಳು ಲೆಕ್ಕ ಕಳಿಸಿದರೆ? ಅವನು ಹೇಳಿದ ಅವಿಭಾಜ್ಯಗಳನ್ನು ಗುಣಿಸಿ ನೋಡಿದರಾಯಿತು. ತಾಳೆಯಾಗದಿದ್ದರೆ ಆ ಸಾಲು ಕಸದ ಬುಟ್ಟಿಗೆ. ಗಿಂಪ್ಸ್‌ನಲ್ಲಿ ಒಬ್ಬರು ತಿಂಗಳುಗಟ್ಟಲೆ ಮಾಡಿದ ಲೆಕ್ಕವನ್ನು ಇನ್ನೊಬ್ಬರು ಮೊದಲಿನಿಂದ ಮಾಡಿ ನೋಡಬೇಕಿತ್ತು; 2020ರಲ್ಲಿ ಹೊಸ ತಂತ್ರ ಬಂದಮೇಲಷ್ಟೇ ಆ ಕಾಟ ತಪ್ಪಿತು.

ಹಂಚಲಾಗದ ಒಂದು ಹಂತ ಮಾತ್ರ ಉಳಿಯುತ್ತದೆ. ಯಾವ ಯಾವ ರಿಲೇಶನ್‌ಗಳನ್ನು ಜೊತೆಗಿಟ್ಟರೆ ಎಲ್ಲ ಎಣಿಕೆಯೂ ಸಮವಾಗುತ್ತದೆ? 1817ಕ್ಕೆ ಕಣ್ಣಳತೆಯೇ ಸಾಕಾಯಿತು. ಇಲ್ಲಿ ಐದು ಲಕ್ಷಕ್ಕೂ ಹೆಚ್ಚು ಸಾಲು, ಐದು ಲಕ್ಷಕ್ಕೂ ಹೆಚ್ಚು ಕಂಬಸಾಲುಗಳ ಮಾತೃಕೆ. ಅದನ್ನು ತುಂಡು ಮಾಡಿ ಮನೆಮನೆಗೆ ಕಳಿಸಲಾಗದು. ಎಲ್ಲವೂ ಎಲ್ಲದರೊಡನೆ ಮಾತಾಡುತ್ತಿರಬೇಕು. ಬೆಲ್‌ಕೋರ್ ಕಂಪನಿಯ ಮಾಸ್‌ಪಾರ್ ಯಂತ್ರ 45 ಗಂಟೆ ತೆಗೆದುಕೊಂಡಿತು. ಅದಾದ ಮೇಲೂ ಪ್ರತಿ ಜೋಡಣೆ ಕೈಕೊಡುವ ಸಂಭವ ಅರ್ಧಕ್ಕರ್ಧ. ಮೊದಲ ಮೂರು ಜೋಡಣೆಗಳಿಂದ ಬಂದದ್ದು ಸಂಖ್ಯೆಯೇ ಮತ್ತು 1. ಎಂಟು ತಿಂಗಳು ದುಡಿದ ಮೇಲೆ ‘ಈ ಸಂಖ್ಯೆ ತನ್ನನ್ನೇ ಭಾಗಿಸುತ್ತದೆ’ ಎಂಬ ಉತ್ತರ ಮೂರು ಬಾರಿ ಬಂದರೆ ಹೇಗಾಗಿರಬೇಡ! ನಾಲ್ಕನೆಯದರಲ್ಲಿ 64 ಅಂಕಿಯದೊಂದು, 65 ಅಂಕಿಯದೊಂದು ಅವಿಭಾಜ್ಯ ಹೊರಬಿದ್ದವು. 1994ರ ಏಪ್ರಿಲ್ ಅದು. ಸಂದೇಶ ಬಿಡಿಸಿದರೆ ಸಿಕ್ಕಿದ ಮಂತ್ರಾಕ್ಷರ ‘ಸ್ಕ್ವೀಮಿಶ್ ಆಸಿಫ್ರೇಜ್’, ಅಂದರೆ ಮೂಳೆ ತಿನ್ನುವ ಹದ್ದೊಂದಕ್ಕೆ ಹೇಸಿಗೆ ಸ್ವಭಾವ ಅಂಟಿಸಿದ ತರಲೆ. 100 ಡಾಲರನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿಗೆ ಕೊಟ್ಟುಬಿಟ್ಟರು. ಹಂಚಿಕೊಂಡಿದ್ದರೆ ತಲೆಗೆ ಹದಿನೇಳು ಸೆಂಟ್ ಬರುತ್ತಿತ್ತು.

ಇದರ ನಂತರದ ಕತೆಯನ್ನು ಬೇಗ ಹೇಳಬಹುದು. ಜಾನ್ ಪೊಲಾರ್ಡ್‌ಗೆ 1988ರಲ್ಲಿ ಹೊಳೆದ ವಿಚಾರದಿಂದ ಬೆಳೆದ ಸಂಖ್ಯಾಕ್ಷೇತ್ರ ಜರಡಿ ಹಳೆಯ ಜರಡಿಯನ್ನು ಮೂಲೆಗೆ ಸರಿಸಿತು. 1999ರಲ್ಲಿ 155 ಅಂಕಿ, 2009ರಲ್ಲಿ 232, 2020ರಲ್ಲಿ 250. ಈ ದಾಖಲೆಗಳೆಲ್ಲ ಸಂಸ್ಥೆಗಳ, ಸಂಶೋಧಕರ ಯಂತ್ರಗಳದ್ದು. ನಮ್ಮಂಥವರ ಅಂಗಳ ಬೇರೆ: 2, 3, 5, 10ರಂಥ ಪುಟ್ಟ ಸಂಖ್ಯೆಗಳ ದೊಡ್ಡ ಘಾತಕ್ಕೆ ಒಂದು ಕೂಡಿಸಿದ ಅಥವಾ ಕಳೆದ ಸಂಖ್ಯೆಗಳು. ಕನಿಂಗ್‌ಹ್ಯಾಮ್ ಮತ್ತು ವುಡಾಲ್ ಇವುಗಳ ಅಪವರ್ತನ ಕೋಷ್ಟಕವನ್ನು ಅಚ್ಚು ಹಾಕಿಸಿದ್ದು 1925ರಲ್ಲಿ. ಅದರ ಖಾಲಿ ಜಾಗ ತುಂಬುವ ಕೆಲಸ ಇಂದಿಗೂ ನಿಂತಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್ ವಿಶ್ವವಿದ್ಯಾಲಯದ ಗ್ರೆಗ್ ಚೈಲ್ಡರ್ಸ್ 2009ರಲ್ಲಿ ಶುರುಮಾಡಿದ ‘ಎನ್‌ಎಫ್‌ಎಸ್ ಅಟ್ ಹೋಮ್’ ಯೋಜನೆಯ ಸ್ವಯಂಸೇವಕರು 2012ರಲ್ಲಿ 2ರ 1061ನೇ ಘಾತದಿಂದ ಒಂದು ಕಳೆದ, 320 ಅಂಕಿಗಳ ಸಂಖ್ಯೆಯನ್ನು ಮಣಿಸಿದರು. 143 ಅಂಕಿಯ ಒಂದು ತುಂಡು, 177 ಅಂಕಿಯ ಇನ್ನೊಂದು. ಇದರಿಂದ ಏನು ಉಪಯೋಗ ಎನ್ನುವವರಿಗೆ, ಇಂಥ ಸಂಖ್ಯೆಗಳ ಅಪವರ್ತನ ಗೊತ್ತಿದ್ದರೆ ಕಂಪ್ಯೂಟರಿನಲ್ಲಿ ಯಾದೃಚ್ಛಿಕ ಅಂಕಿ ಹುಟ್ಟಿಸುವ ಕೆಲವು ಯಂತ್ರಗಳ ಪರೀಕ್ಷೆ ಸುಲಭ ಎಂದು ಹೇಳಿ ಬಾಯಿ ಮುಚ್ಚಿಸಬಹುದು. ಆದರೆ ಯಾರೂ ಅದಕ್ಕಾಗಿ ಒಡೆಯುವುದಿಲ್ಲ ಎಂಬುದು ಒಡೆಯುವವರಿಗೆಲ್ಲ ಗೊತ್ತು.

ಒಮ್ಮೆ ಮಾತ್ರ ಈ ಹವ್ಯಾಸ ವಕೀಲರ ನೋಟಿಸ್‌ವರೆಗೆ ಹೋಯಿತು. 2009ರಲ್ಲಿ ಹವ್ಯಾಸಿಯೊಬ್ಬರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-83 ಪ್ಲಸ್ ಕ್ಯಾಲ್ಕುಲೇಟರಿನ ಬೀಗವಾಗಿದ್ದ 512 ಬಿಟ್ ಸಂಖ್ಯೆಯನ್ನು ಮನೆಯ ಒಂದೇ ಕಂಪ್ಯೂಟರಿನಲ್ಲಿ ಎರಡೂವರೆ ತಿಂಗಳೊಳಗೆ ಒಡೆದರು. ಹತ್ತು ವರ್ಷ ಹಿಂದೆ ಅಷ್ಟೇ ಗಾತ್ರದ ಸಂಖ್ಯೆಗೆ ಸುಮಾರು 300 ಯಂತ್ರಗಳು, ಮಾತೃಕೆಗೊಂದು ಕ್ರೇ ಬೇಕಾಗಿದ್ದವು. ಉಳಿದ ಮಾದರಿಗಳ ಬೀಗಗಳನ್ನು ಉತ್ಸಾಹಿಗಳು ಯಂತ್ರ ಕೂಡಿಸಿ ಕೆಲವೇ ವಾರಗಳಲ್ಲಿ ತೆಗೆದುಬಿಟ್ಟರು. ಕಂಪನಿ ನೋಟಿಸ್ ಕಳಿಸಿತು. ತಾವು ಕೊಂಡ ಕ್ಯಾಲ್ಕುಲೇಟರಿನಲ್ಲಿ ತಮಗೆ ಬೇಕಾದ ಪ್ರೋಗ್ರಾಮ್ ಹಾಕಿಕೊಳ್ಳಲು ಹುಡುಗರು 155 ಅಂಕಿ ಒಡೆಯುತ್ತಾರೆಂದರೆ ಅಂಥವರನ್ನು ಕರೆದು ಕೆಲಸ ಕೊಡಬೇಕಿತ್ತು, ನನ್ನನ್ನು ಕೇಳಿದರೆ.

ಕೈ ಹಾಕಿ ನೋಡಬೇಕೆನ್ನುವವರಿಗೆ ಎರಡು ಮಾತು. ಲ್ಯಾಪ್‌ಟಾಪ್ ಬೇಡ, ಎಲ್ಲ ಕೋರ್‌ಗಳೂ ಹಗಲಿರುಳು ದುಡಿಯುವ ಕೆಲಸವಿದು, ಅದರ ಪುಟ್ಟ ಫ್ಯಾನ್ ತಾಳುವುದಿಲ್ಲ. ಕಲಬುರಗಿ, ರಾಯಚೂರಿನವರು ಏಪ್ರಿಲ್, ಮೇ ಬಿಟ್ಟು ಉಳಿದ ತಿಂಗಳು ನೋಡಿಕೊಳ್ಳಿ. ಕರೆಂಟ್ ಹೋದರೆ ಚಿಂತೆಯಿಲ್ಲ: ಸಿಕ್ಕ ರಿಲೇಶನ್‌ಗಳು ಫೈಲಿನಲ್ಲಿ ಕೂತಿರುತ್ತವೆ, ಬಂದಮೇಲೆ ಅಲ್ಲಿಂದಲೇ ಮುಂದುವರಿಯುತ್ತದೆ. ‘ಯಾಫು’ ಎಂಬ ಉಚಿತ ಪ್ರೋಗ್ರಾಮಿಗೆ 90 ಅಂಕಿಯ ಸಂಖ್ಯೆ ಕೊಟ್ಟರೆ ಕಾಫಿ ಕುಡಿದು ಬರುವಷ್ಟರಲ್ಲಿ ಉತ್ತರ ಸಿದ್ಧ. 1988ರಲ್ಲಿ ಲೆನ್‌ಸ್ಟ್ರಾ ಮತ್ತು ಮಾರ್ಕ್ ಮನಾಸಿ ಮೂರು ಖಂಡಗಳ ಯಂತ್ರಗಳನ್ನು ಕೂಡಿಸಿ 100 ಅಂಕಿ ಒಡೆದು ಸುದ್ದಿಯಾಗಿದ್ದರು. ಇಂದು ಅದು ಒಂದು ಒಳ್ಳೆಯ ಡೆಸ್ಕ್‌ಟಾಪಿಗೆ ಗಂಟೆಯ ಕೆಲಸವೂ ಅಲ್ಲ.

ನನಗೆ ಯಾವುದರ ಮೇಲೆ ಕಣ್ಣು ಎಂದು ಕೇಳಿದರೆ, 276. ಸಂಖ್ಯೆಯೊಂದರ ಅಪವರ್ತನಗಳಲ್ಲಿ ಅದನ್ನೇ ಬಿಟ್ಟು ಉಳಿದವನ್ನೆಲ್ಲ ಕೂಡಿಸಿ, ಬಂದ ಮೊತ್ತಕ್ಕೂ ಹಾಗೇ ಮಾಡುತ್ತ ಹೋಗಿ. 12 ಕೊಟ್ಟರೆ 16, 15, 9, 4, 3, 1, ಮುಗಿಯಿತು. 276 ಕೊಟ್ಟರೆ 396, 696, 1104, 1872 ಎಂದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಈಗ 200 ಅಂಕಿ ದಾಟಿದೆ, ಕೊನೆಯಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಈಗಿನ ಪದವನ್ನು ಪೂರ್ತಿ ಒಡೆಯದೆ ಮುಂದಿನ ಪದ ಯಾವುದೆಂದೇ ತಿಳಿಯದು, ಹಾಗಾಗಿ ನುಗ್ಗಿ ಮುಂದೆ ಹೋಗಲು ದಾರಿಯಿಲ್ಲ. ಪದವೊಂದು ಬಂದ ಕೂಡಲೇ ಬಳಗದವರು ನೋಡುವುದು ಅದರಲ್ಲಿ 2 ಒಂದೇ ಸಲ ಇದೆಯೇ, 3 ಇಲ್ಲವೇ ಎಂಬುದನ್ನು. ಹಾಗಿದ್ದರೆ ಸರಣಿ ಕೆಳಕ್ಕಿಳಿಯುವ ಆಸೆ ಉಂಟು. 2ರ ಜೊತೆಗೆ 3 ಅಂಟಿಕೊಂಡರೆ ನೂರಾರು ಪದಗಳವರೆಗೂ ಬಿಡದೆ ಮೇಲೇ ಒಯ್ಯಬಹುದು. ಸಣ್ಣ ಅಪವರ್ತನಗಳನ್ನು ಮೊದಲು ಕಿತ್ತು, ಉಳಿದ ಗಟ್ಟಿ ತುಂಡಿಗೆ ದೀರ್ಘವೃತ್ತೀಯ ವಕ್ರರೇಖೆಗಳ ಅದೃಷ್ಟಪರೀಕ್ಷೆ ನಡೆಸಿ, ಅದಕ್ಕೂ ಜಗ್ಗದಿದ್ದರೆ ಜರಡಿಗೆ ಜನ ಕರೆಯುತ್ತಾರೆ.