ಹಕ್ಕಳೆ ಕಲ್ಲುಹೂಗಳ ಲಕ್ಷಣವಿಚಾರ

ಅಮರಸಿಂಹನು ಶೈಲೇಯಕ್ಕೆ ಅಶ್ಮಪುಷ್ಪವೆಂಬ ಪರ್ಯಾಯವನ್ನು ಹೇಳಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಕನ್ನಡದ ಕಲ್ಲುಹೂವೆಂಬ ಮಾತಿನ ಅರ್ಥವೂ ಅದೇ. ಗಂಧದ್ರವ್ಯವಾಗಿಯೂ ಮಸಾಲೆಯಾಗಿಯೂ ಅಂಗಡಿಯಲ್ಲಿ ದೊರೆಯುವ ಈ ವಸ್ತು ಎಲೆಯಂತೆ ಹರಡುವ ಜಾತಿ. ಅದನ್ನು ಎಬ್ಬಿಸಿ ತೆಗೆಯಬಹುದು, ಮೂಸಿ ಗುರುತಿಸಬಹುದು. ಪಾಶ್ಚಾತ್ಯರು ಲೈಕೆನ್ ಎಂದು ಕರೆಯುವ ಈ ವರ್ಗದಲ್ಲಿಯೇ, ಬಂಡೆಗೂ ತೊಗಟೆಗೂ ಹುಣ್ಣಿನ ಮೇಲಣ ಹಕ್ಕಳೆಯಂತೆ ಕಚ್ಚಿಕೊಂಡಿರುವ ಜಾತಿಗಳು ಬೇರೆ ಇವೆ. ಇವಕ್ಕೆ ಕೆಳಹೊದಿಕೆಯೆಂಬುದಿಲ್ಲ, ತಂತುಗಳು ನೆಟ್ಟಗೆ ಆಧಾರದೊಳಕ್ಕೆ ಇಳಿದಿರುತ್ತವೆ. ಆದಕಾರಣ ಉಳಿಯಿಂದ ಕಲ್ಲಿನ ಚಕ್ಕೆಯನ್ನೇ ಎಬ್ಬಿಸಿ ತರಬೇಕಲ್ಲದೆ ಬಿಡಿಸಿ ತರಲಾಗದು. ಇವುಗಳನ್ನು ಒಂದರಿಂದೊಂದು ವಿಂಗಡಿಸುವ ಲಕ್ಷಣವಾವುದು, ಆಕೃತಿಯೋ, ಒಳಗಿನ ದ್ರವ್ಯವೋ, ಎಂಬ ವಿವಾದವು ನೂರೈವತ್ತು ವರ್ಷಗಳಿಗೂ ಮೀರಿ ನಡೆದಿದೆ. ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ದೋಷತ್ರಯವನ್ನು ಬಲ್ಲವರಿಗೆ ಈ ವಿವಾದವು ಅಪರಿಚಿತವಾಗಿ ತೋರದು.

ಲಿನೇಯಸನು ೧೭೫೩ರ ತನ್ನ ಗ್ರಂಥದಲ್ಲಿ ಇವುಗಳಲ್ಲಿ ಬಹುಪಾಲನ್ನು ಲೈಕೆನ್ ಎಂಬ ಒಂದೇ ಕುಲದಲ್ಲಿ ತುಂಬಿಬಿಟ್ಟನು. ಅದನ್ನು ಒಡೆದು ಕುಲಗಳನ್ನು ವ್ಯವಸ್ಥೆಗೊಳಿಸಿದವನು ಅವನ ಶಿಷ್ಯನಾದ ಸ್ವೀಡನ್ನಿನ ಅಕೇರಿಯಸನು. ೧೮೦೩ ಮತ್ತು ೧೮೧೦ರಲ್ಲಿ ಪ್ರಕಟವಾದ ಅವನ ಗ್ರಂಥಗಳಿಗೆ ಆಕೃತಿಯೇ ಪ್ರಮಾಣ: ಫಲಕಾಯವು ಬಟ್ಟಲೋ, ಗೀರೋ, ಗುಳಿಯೋ; ಅದರ ಅಂಚು ಹಕ್ಕಳೆಯ ಬಣ್ಣದ್ದೋ, ಬೇರೆಯೋ. ಮುಂದೆ ಸೂಕ್ಷ್ಮದರ್ಶಕವು ಬೀಜಕಣಗಳ ಸಂಖ್ಯೆಯನ್ನೂ ಒಳಗೋಡೆಗಳನ್ನೂ ಕೂಡಿಸಿತು.

ಆದರೆ ಬರಿಗಣ್ಣಿನ ಆಕೃತಿಯಲ್ಲಿ ಅತಿವ್ಯಾಪ್ತಿಯು ಪದೇ ಪದೇ ತಲೆದೋರುತ್ತದೆ. ಸುಣ್ಣಗಲ್ಲಿನ ಗೋಡೆಯ ಮೇಲಣ ಹಳದಿ ಹಕ್ಕಳೆಗಳನ್ನೇ ನೋಡಬಹುದು. ಕ್ಯಾಲೊಪ್ಲಾಕ, ಕ್ಯಾಂಡೆಲೇರಿಯೆಲ್ಲ ಎಂಬೆರಡು ಗುಂಪುಗಳು ಅಲ್ಲಿ ಒಂದರ ಮಗ್ಗುಲಲ್ಲಿ ಇನ್ನೊಂದು ಬೆಳೆದು, ನೋಡುವವನನ್ನು ಏಮಾರಿಸುತ್ತವೆ. ಪೊಟ್ಯಾಷ್ ಕ್ಷಾರದ ಒಂದು ತೊಟ್ಟನ್ನು ಇಟ್ಟೊಡನೆ ಮೊದಲನೆಯದು ಕಡುನೇರಳೆಗೆಂಪಾಗುವುದು. ಎರಡನೆಯದು ಬಣ್ಣಗೆಡದು, ಬಹಳವೆಂದರೆ ಅಲ್ಪವಾಗಿ ಕೆಂಪೇರುವುದು. ಒಂದರ ಹಳದಿ ಆಂಥ್ರಕ್ವಿನೋನ್ ವರ್ಗದ್ದು, ಇನ್ನೊಂದರದು ಪಲ್ವಿನಿಕ್ ಆಮ್ಲದ ಸಂತತಿಯದು. ಸೂಕ್ಷ್ಮದರ್ಶಕವೂ ಈ ತೀರ್ಪನ್ನೇ ಹೇಳುತ್ತದೆ: ಮೊದಲನೆಯದರ ಬೀಜಕಣದಲ್ಲಿ ಸಾಮಾನ್ಯವಾಗಿ ಎರಡು ಕೋಣೆಗಳು ಎರಡು ತುದಿಗಳಿಗೆ ಸರಿದು, ನಡುವಣ ಇಕ್ಕಟ್ಟಾದ ಕಾಲುವೆಯಿಂದ ಕೂಡಿಕೊಂಡು, ಡಮರುಗವನ್ನು ನೆನಪಿಗೆ ತರುತ್ತವೆ.

ಈ ತೊಟ್ಟಿನ ಪರೀಕ್ಷೆಯನ್ನು ಶಾಸ್ತ್ರಕ್ಕೆ ತಂದವನು ಪ್ಯಾರಿಸಿನಲ್ಲಿ ನೆಲೆಸಿದ್ದ ಫಿನ್‌ಲೆಂಡಿನ ನೈಲಾಂಡರನು. ೧೮೬೬ರಲ್ಲಿ ಪೊಟ್ಯಾಷ್ ಕ್ಷಾರವನ್ನೂ ಬಟ್ಟೆ ಬಿಳುಪಿಸುವ ಸುಣ್ಣದ ಹೈಪೊಕ್ಲೋರೈಟನ್ನೂ ಅವನು ನಿಕಷಗಳನ್ನಾಗಿ ಮಾಡಿದನು. ಎರಡನೆಯದು ಗೈರೊಫೋರಿಕ್ ಆಮ್ಲವಿರುವ ಹಕ್ಕಳೆಯನ್ನು ಕೆಂಪಾಗಿಸುತ್ತದೆ. ಸ್ಕಾಟ್ಲೆಂಡಿನಲ್ಲಿ ಬಟ್ಟೆಗೆ ನೇರಳೆ ಬಣ್ಣ ಕಟ್ಟಲು ಕೆರೆದು ತರುತ್ತಿದ್ದ ಓಕ್ರೊಲೆಕಿಯ ಇದೇ ಆಮ್ಲವುಳ್ಳದ್ದು. ಬಣ್ಣಗಾರರು ಇದರ ಗುಣವನ್ನು ಪಂಡಿತರಿಗಿಂತ ಮೊದಲೇ ಅರಿತಿದ್ದರು.

ನಿಜವಾಗಿ ದ್ರವ್ಯಪರೀಕ್ಷೆಯು ನೈಲಾಂಡರನಿಗಿಂತ ಹಿಂದಿನದು. ಅಕೇರಿಯಸನೇ ಒಂದು ಬೂದುಬಣ್ಣದ ಹಕ್ಕಳೆಗೆ ಕಹಿಯೆಂಬ ಅರ್ಥದ ಅಮಾರ ಎಂಬ ಹೆಸರನ್ನಿಟ್ಟನು. ಯೂರೋಪಿನ ಮರಗಳ ತೊಗಟೆಯ ಮೇಲೆ ಬಿಳಿಯ ಹಿಟ್ಟಿನ ಚುಕ್ಕೆಗಳಿಂದ ಕೂಡಿ ಬೆಳೆಯುವ ಇದರಲ್ಲಿ ಫಲಕಾಯವು ಬಲು ಅಪೂರ್ವ. ರೂಪದಲ್ಲಿ ಇದನ್ನೇ ಹೋಲುವ ಆಲ್ಬೆಸೆನ್ಸ್ ಎಂಬುದು ಕಹಿಯಲ್ಲ. ಚುಕ್ಕೆಯ ಹಿಟ್ಟನ್ನು ನಾಲಗೆಯ ತುದಿಗೆ ಮುಟ್ಟಿಸಿದರೆ, ತುಸು ಹೊತ್ತಿನಮೇಲೆ ಕಹಿಯು ಏರಿಬರುತ್ತದೆ. ಕಾರಣವು ಪಿಕ್ರೊಲೈಕೆನಿಕ್ ಆಮ್ಲ. ಮೊದಲು ಕ್ಷಾರವನ್ನೂ ಬಳಿಕ ಹೈಪೊಕ್ಲೋರೈಟನ್ನೂ ಹಾಕಿದರೆ ಕ್ಷಣಕಾಲ ನೇರಳೆ ಬಣ್ಣವು ತೋರಿ ಮಾಯವಾಗುವುದು. ರಸ, ವೀರ್ಯ, ವಿಪಾಕಗಳಿಂದ ದ್ರವ್ಯವನ್ನು ನಿರ್ಣಯಿಸುವ ಆಯುರ್ವೇದಜ್ಞನಿಗೆ ಇದಕ್ಕಿಂತ ಒಪ್ಪುವ ನಿದರ್ಶನವು ದೊರೆಯಲಾರದು. (ಕಂಡ ಹಕ್ಕಳೆಯನ್ನೆಲ್ಲ ನೆಕ್ಕುವುದಂತೂ ವಿಹಿತವಲ್ಲ, ವಿಷವುಳ್ಳ ಕಲ್ಲುಹೂಗಳೂ ಇವೆ.)

ಇಷ್ಟಾದರೂ ನೈಲಾಂಡರನ ಪಕ್ಷವನ್ನು ಇಡಿಯಾಗಿ ಅಂಗೀಕರಿಸುವುದು ಕಷ್ಟ. ಬಣ್ಣವೊಂದು ಬೇರೆಯಾದ ಮಾತ್ರಕ್ಕೆ ಅವನು ಹೊಸ ಜಾತಿಯನ್ನು ಸ್ಥಾಪಿಸಲು ಹಿಂಜರಿಯಲಿಲ್ಲ. ಸಮಕಾಲೀನರಲ್ಲಿ ಹಲವರು ಇದನ್ನು ಒಪ್ಪಲೂ ಇಲ್ಲ. ಪ್ರಶ್ನೆಯು ಇಷ್ಟೇ: ಆಮ್ಲವು ಜಾತಿಗೆ ಸ್ವರೂಪಲಕ್ಷಣವೋ, ಅಥವಾ ದೇವದತ್ತನ ಮನೆಯ ಮೇಲೆ ಕುಳಿತ ಕಾಗೆಯಂತೆ ತಟಸ್ಥಲಕ್ಷಣವೋ? ಕಾಗೆಯು ಮನೆಯನ್ನು ತೋರಿಸಿಕೊಡುವುದು ದಿಟ. ಅದು ಹಾರಿಹೋದರೂ ಮನೆಯು ದೇವದತ್ತನದೇ. ಮರದ ಮೇಲೆ ನಿಂಬೆಹಳದಿಯ ಹುಡಿಯಾಗಿ ಹರಡುವ ಕ್ರೈಸೊಥ್ರಿಕ್ಸ್ ಕ್ಯಾಂಡೆಲಾರಿಸ್ ಎಂಬುದರಲ್ಲಿ ಕೆಲವೆಡೆ ಕ್ಯಾಲಿಸಿನ್, ಕೆಲವೆಡೆ ಪಿನಾಸ್ಟ್ರಿಕ್ ಆಮ್ಲ, ಕೆಲವೆಡೆ ಎರಡೂ ಇರುತ್ತವೆ. ಒಂದನ್ನು ಲಕ್ಷಣವೆಂದರೆ ಅವ್ಯಾಪ್ತಿ. ಇನ್ನು ಅಟ್ರಾನೋರಿನ್ ಎಂಬ ದ್ರವ್ಯವು ಸಂಬಂಧವೇ ಇಲ್ಲದ ಎಷ್ಟೋ ಕುಲಗಳಲ್ಲಿದೆ. ಅದನ್ನೇ ಲಕ್ಷಣವೆಂದರೆ ಅತಿವ್ಯಾಪ್ತಿ.

ಮತ್ತೊಂದು ವೈಪರೀತ್ಯವೂ ಗಮನಾರ್ಹ. ಕಲ್ಲುಹೂವು ಶಿಲೀಂಧ್ರವೂ ಶೈವಲವೂ ಕೂಡಿದ ಸಂಯುಕ್ತಜೀವಿಯೆಂದು ೧೮೬೦ರ ದಶಕದ ಕೊನೆಯಲ್ಲಿ ಶ್ವೆಂಡೆನರನು ಪ್ರತಿಪಾದಿಸಿದಾಗ ನೈಲಾಂಡರನು ಅದನ್ನು ಉಗ್ರವಾಗಿ ಖಂಡಿಸಿದನು. ಅವನು ಬಣ್ಣದಿಂದ ಪರೀಕ್ಷಿಸುತ್ತಿದ್ದ ಆ ಆಮ್ಲಗಳಾದರೋ ಶಿಲೀಂಧ್ರದ ಸೃಷ್ಟಿ! ಶಾಸ್ತ್ರೀಯ ನಾಮವೂ ಈಗಿನ ನಿಯಮದಂತೆ ಶಿಲೀಂಧ್ರಕ್ಕೇ ಸಲ್ಲುವುದು. ಆದುದರಿಂದ ಲೈಕೆನನ್ನು ಕನ್ನಡದಲ್ಲಿ ಪಾಚಿಯೆಂದು ಬರೆಯುವ ರೂಢಿಯು ಲಕ್ಷಣವಿರುದ್ಧವಾದದ್ದು. ಕಲ್ಲುಹೂವೆಂಬ ಹಳೆಯ ಮಾತೇ ಸಾಧು.

ಆಕೃತಿಯು ಸ್ಪಷ್ಟವಾಗಿರುವಲ್ಲಿ ದ್ರವ್ಯವು ಸಹಾಯಕ ಪ್ರಮಾಣವಾಗಿ ನಿಲ್ಲುತ್ತದೆ. ಪಶ್ಚಿಮಘಟ್ಟದಲ್ಲಿ ಅಡಕೆಯ ಮರದ ಮೇಲಣ ಬಿಳಿಯ ಹಕ್ಕಳೆಯಲ್ಲಿ ಕಪ್ಪು ಗೀರುಗಳು ಬರವಣಿಗೆಯಂತೆ ಕಾಣುವುದುಂಟು. ಗ್ರಾಫಿಸ್ ಎಂಬ ಹೆಸರು ಬಂದದ್ದೂ ಅದರಿಂದಲೇ. ಗೀರಿನ ತುಟಿಯಲ್ಲಿ ಸಾಲುಗೆರೆಗಳಿವೆಯೇ, ಅದರ ಗೋಡೆಯು ಬುಡದವರೆಗೂ ಇದ್ದಲಿನಂತೆ ಕಪ್ಪೇ, ಬೀಜಕಣದ ಗೋಡೆಗಳು ಅಡ್ಡಡ್ಡವೋ, ಇಟ್ಟಿಗೆಯ ಕಟ್ಟಡದಂತೆಯೋ ಎಂಬುದನ್ನು ನೋಡಿಯಾದ ಮೇಲೆಯೇ ಕ್ಷಾರದ ತೊಟ್ಟು. ಅದು ಹಳದಿಯಾಗಿ ಬಳಿಕ ಕೆಂಪೇರಿ, ಸೂಕ್ಷ್ಮದರ್ಶಕದಡಿ ಕೆಂಪು ಸೂಜಿಹರಳುಗಳನ್ನು ತೋರಿದರೆ ನಾರ್‌ಸ್ಟಿಕ್ಟಿಕ್ ಆಮ್ಲವುಂಟೆಂದು ತಿಳಿಯಬೇಕು.

ಲೆಪ್ರೇರಿಯದ ಸ್ಥಿತಿ ಇದಕ್ಕೆ ತದ್ವಿರುದ್ಧ. ಅದು ಆದ್ಯಂತವಾಗಿ ಹುಡಿ. ಫಲಕಾಯವನ್ನು ಎಂದೂ ಬಿಡುವುದಿಲ್ಲ. ಆದ್ದರಿಂದ ಬೀಜಕಣದ ಸಾಕ್ಷ್ಯವೇ ಇಲ್ಲ. ಇಲ್ಲಿ ದ್ರವ್ಯವನ್ನು ಬಿಟ್ಟರೆ ಗತಿಯಿಲ್ಲ. ಜಪಾನಿನ ಅಸಾಹಿನನು ೧೯೩೪ರಲ್ಲಿ ಪ್ಯಾರಾಫೆನಿಲೀನ್‌ಡೈಅಮೀನನ್ನೂ ಮುಂದಿನ ವರ್ಷಗಳಲ್ಲಿ ಹರಳುಪರೀಕ್ಷೆಯನ್ನೂ ಬಳಕೆಗೆ ತಂದನು. ತೆಳುಪದರದ ಮೇಲೆ ದ್ರವ್ಯಗಳನ್ನು ಬೇರ್ಪಡಿಸುವ ಕ್ರಮವನ್ನು ೧೯೭೦ರಲ್ಲಿ ಕಲ್ಬರ್ಸನ್ ಮತ್ತು ಕ್ರಿಸ್ಟಿನ್‌ಸನ್ ಎಂಬಿಬ್ಬರು ಏಕರೂಪಗೊಳಿಸಿದರು. ಡೈವೇರಿಕ್ಯಾಟಿಕ್ ಆಮ್ಲವಿದ್ದು ನೇರಳಾತೀತ ಬೆಳಕಿನಲ್ಲಿ ನೀಲಿಬಿಳುಪಾಗಿ ಹೊಳೆಯುವುದು ಇಂಕಾನ. ಸ್ಟಿಕ್ಟಿಕ್ ಆಮ್ಲವೂ ಅಟ್ರಾನೋರಿನ್ನೂ ಇರುವುದು ಲೋಬಿಫಿಕಾನ್ಸ್. ಕಾಗೆಯ ದೃಷ್ಟಾಂತವು ಇಲ್ಲಿ ಸಡಿಲುತ್ತದೆ. ಮನೆಗೆ ಬೇರೆ ಗುರುತೇ ಇಲ್ಲದಾಗ ಕಾಗೆಯನ್ನು ತಟಸ್ಥವೆನ್ನುವುದು ಸುಲಭವಲ್ಲ.

ಆದರೆ ಈ ಹುಡಿಯಲ್ಲಿಯೂ ಆಕೃತಿಯು ಪೂರ್ತಿಯಾಗಿ ಅಳಿದಿರಲಿಲ್ಲ. ಲೆಸ್ಡೇನಿಯೈ ಎಂಬ ಜಾತಿಯನ್ನು ಬಹುಕಾಲ ಲೆಪ್ರೇರಿಯದಲ್ಲಿಯೇ ಇರಿಸಿದ್ದರು. ೧೯೯೭ರಲ್ಲಿ ಅದರ ತಂತುಗಳ ರಚನೆಯನ್ನು ಸೂಕ್ಷ್ಮವಾಗಿ ನೋಡಿದ ಸ್ಪೇನಿನ ವಿದ್ವಾಂಸರು ದ್ರಾಕ್ಷಿಗೊಂಚಲೆಂಬ ಅರ್ಥದ ಪೂರ್ವಪದವನ್ನು ಸೇರಿಸಿ ಬೋಟ್ರಿಯೊಲೆಪ್ರೇರಿಯ ಎಂಬ ಬೇರೆ ಕುಲವನ್ನು ಮಾಡಿದರು. ೨೦೧೦ರಲ್ಲಿ ವಂಶತಂತುಗಳ ಪರೀಕ್ಷೆಯು ಅದನ್ನು ಲೆಪ್ರೇರಿಯದಿಂದ ಬಹುದೂರದ ವೆರುಕೇರಿಯ ಗಣಕ್ಕೆ ಸೇರಿಸಿತು.