ಕೊಟ್ಟ ಮಾತು, ಕೊಡದ ದೂರು

ಕಾಗದಪತ್ರವಿಲ್ಲದ ವಿದೇಶಿ ಕೆಲಸಗಾರರನ್ನು ದುಡಿಸಿಕೊಳ್ಳುವ ಮಾಲೀಕನ ಮೇಲೆ ದೂರು ಕೊಡಬೇಕೇ? ನಾನು ನೋಡಿದ ಸಿನಿಮಾಗಳಲ್ಲಿ ಈ ಪ್ರಶ್ನೆಯನ್ನು ತೀರಾ ಇಕ್ಕಟ್ಟಿನ ಜಾಗಕ್ಕೆ ತಂದು ನಿಲ್ಲಿಸಿದ್ದು ಬೆಲ್ಜಿಯಂನ ಡಾರ್ಡೆನ್ ಸಹೋದರರ 'ಲಾ ಪ್ರೊಮೆಸ್' (1996). ಇಲ್ಲಿ ಮಾಲೀಕ ಅಪ್ಪ. ಎಲ್ಲವನ್ನೂ ಬಲ್ಲವನು ಹದಿಹರೆಯದ ಮಗ.

ಲಿಯೇಜ್ ಪಕ್ಕದ ಸೆರೇನ್, ಹಳೆಯ ಉಕ್ಕಿನ ಊರು. ಕದ್ದು ಬಂದವರಿಗೆ ರೋಜರ್ ಬಾಡಿಗೆ ಕೋಣೆ ಕೊಡುತ್ತಾನೆ, ಸುಳ್ಳು ಕಾಗದ ಮಾಡಿಸುತ್ತಾನೆ, ತನ್ನ ಮನೆ ಕಟ್ಟುವ ಕೆಲಸಕ್ಕೆ ಹಚ್ಚುತ್ತಾನೆ. ಮಗ ಇಗೋರ್ ಅವನ ಬಲಗೈ. ಕಾರ್ಮಿಕ ಇಲಾಖೆಯವರು ತಪಾಸಣೆಗೆ ಬಂದ ಗಡಿಬಿಡಿಯಲ್ಲಿ ಬುರ್ಕಿನಾ ಫಾಸೊದ ಹಮಿದು ಸಾರುವೆಯಿಂದ ಬೀಳುತ್ತಾನೆ. ಹೆಂಡತಿ, ಮಗುವನ್ನು ನೋಡಿಕೋ ಎಂದು ಇಗೋರ್‌ನಿಂದ ಮಾತು ಪಡೆಯುತ್ತಾನೆ. ರಕ್ತ ನಿಲ್ಲಲಿ ಎಂದು ಹುಡುಗ ಕಾಲಿಗೆ ಬೆಲ್ಟ್ ಬಿಗಿದರೆ, ಅಪ್ಪ ಬಂದು ಬಿಚ್ಚುತ್ತಾನೆ. ಆಸ್ಪತ್ರೆಗೆ ಹೋದರೆ ಪ್ರಶ್ನೆಗಳು ಏಳುತ್ತವೆ. ಹೆಣ ಸಿಮೆಂಟಿನಡಿ ಸೇರುತ್ತದೆ.

ಹಿನ್ನೆಲೆ ಸಂಗೀತವಿಲ್ಲ, ಕಣ್ಣೀರಿಲ್ಲ. ಒಲಿವಿಯೆ ಗುರ್ಮೆ ಈ ರೋಜರ್‌ನನ್ನು ಖಳನಾಗಿ ಆಡುವುದಿಲ್ಲ. ಮಗನಿಗೆ ತನ್ನದರಂಥದೇ ಉಂಗುರ ಕೊಡುತ್ತಾನೆ, ಅವನ ಜೊತೆ ನಿಂತು ಹಾಡುತ್ತಾನೆ, ಈ ಮನೆ ನಿನಗಾಗಿ ತಾನೇ ಎನ್ನುತ್ತಾನೆ. ಸುಳ್ಳೂ ಅಲ್ಲ. ಹೀಗಾಗಿ ಮಗನಿಗೆ ಬಾಯಿ ಬಿಡುವುದು ಕಷ್ಟ. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು: ಅಧಿಕಾರಿಗಳಿಗೆ ಒಂದಿಷ್ಟು ಬಂಧನ ತೋರಿಸಬೇಕಾದಾಗ ರೋಜರನೇ ಕೆಲವು ಬಾಡಿಗೆದಾರರನ್ನು ಹಿಡಿದುಕೊಡುತ್ತಾನೆ. ದೂರು ಎಂಬುದು ಮಾಲೀಕನ ಕೈಯಲ್ಲೂ ಆಡುವ ಹತಾರ.

ಆರ್ಥರ್ ಮಿಲ್ಲರ್‌ನ 'ಎ ವ್ಯೂ ಫ್ರಮ್ ದ ಬ್ರಿಡ್ಜ್' (1955) ನಾಟಕವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಬ್ರೂಕ್ಲಿನ್ ಬಂದರಿನ ಕೂಲಿ ಎಡ್ಡಿ, ಹೆಂಡತಿಯ ಕಡೆಯ ಇಬ್ಬರು ಇಟಲಿಯವರನ್ನು ವಲಸೆ ಇಲಾಖೆಗೆ ಹಿಡಿದುಕೊಡುತ್ತಾನೆ. ಕಾರಣ ಕಾನೂನಲ್ಲ, ಸಾಕಿದ ಹುಡುಗಿಯ ಮೇಲಿನ ಹೇಳಿಕೊಳ್ಳಲಾಗದ ಮೋಹ. ನಾವೆಲ್ಲ ಎಡ್ಡಿಯ ಮನಸ್ಸನ್ನಷ್ಟೇ ಓದುತ್ತೇವೆ. ಅವರನ್ನು ಕರೆತಂದು, ಸಾಲ ತೀರುವವರೆಗೆ ದುಡಿಸುವ ಜಾಲದ ಹೆಸರು ಆ ಫೋನ್ ಕರೆಯಲ್ಲಿ ಬರುವುದೇ ಇಲ್ಲ. ಬಂದಿದ್ದರೂ ಕೆಲಸ ಕೊಟ್ಟ ತಪ್ಪಿಗೆ ಏನೂ ಆಗುತ್ತಿರಲಿಲ್ಲ: ಅಮೆರಿಕದ 1952ರ ವಲಸೆ ಕಾನೂನು ಅಕ್ರಮವಾಗಿ ಬಂದವರಿಗೆ ಆಸರೆ ಕೊಡುವುದನ್ನು ಅಪರಾಧವೆಂದಿತ್ತು, ಕೆಲಸ ಕೊಡುವುದನ್ನು ಮಾತ್ರ ಅದರಿಂದ ಹೊರಗಿಟ್ಟಿತ್ತು. ಗೊತ್ತಿದ್ದೂ ಕೆಲಸ ಕೊಡುವುದು ಅಲ್ಲಿ ಕಾನೂನುಬಾಹಿರವಾದದ್ದು 1986ರಲ್ಲಿ. ಮಾಲೀಕನಿಂದ ಬಾಕಿ ಸಂಬಳ ಕೊಡಿಸಬೇಕು ಎಂಬ ಮಾತು ಯುರೋಪಿನ ಒಕ್ಕೂಟದ ನಿರ್ದೇಶನದಲ್ಲಿ ಸೇರಿದ್ದು 2009ರಲ್ಲಿ, ಹಮಿದು ಬಿದ್ದ ಎಷ್ಟೋ ವರ್ಷಗಳ ಮೇಲೆ.

ಇದು ನಮಗೆ ದೂರದ ಕಥೆಯೇನಲ್ಲ. ಬಿಸಿನೆಸ್ ವೀಸಾದ ಮೇಲೆ ಜನರನ್ನು ಕಳಿಸಿ ಕೆಲಸ ಮಾಡಿಸಿದ ಆರೋಪದ ಪ್ರಕರಣದಲ್ಲಿ ಇನ್ಫೋಸಿಸ್ 2013ರಲ್ಲಿ ಅಮೆರಿಕ ಸರ್ಕಾರಕ್ಕೆ 3.4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ವಂಚನೆಯ ಆರೋಪವನ್ನು ಅಲ್ಲಗಳೆಯಿತು. ಬಾಯಿ ಬಿಟ್ಟವನು ಅಲ್ಲಿನ ಒಬ್ಬ ಉದ್ಯೋಗಿ. ನಮ್ಮ ಆಫೀಸುಗಳ ಕ್ಯಾಂಟೀನಿನಲ್ಲಿ ಅವನು ದ್ರೋಹಿಯೋ ಧೀರನೋ ಎಂದು ವಾದ ನಡೆಯುತ್ತಿತ್ತು. ಕಳಿಸಿದ ಕಡೆ ಹೋದ ಹುಡುಗರ ಬಗ್ಗೆ ಮಾತು ಕಡಿಮೆ. ಪ್ರಾಜೆಕ್ಟ್ ಪ್ಲಾನಿನಲ್ಲಿ ಅವರು 'ರಿಸೋರ್ಸ್' ತಾನೇ.

ಸಿನಿಮಾದ ಬಗ್ಗೆ ನನಗೊಂದು ತಕರಾರಿದೆ. ಹಮಿದುವಿನ ಹೆಂಡತಿ ಅಸಿತಾ ಕೋಳಿಯ ಕರುಳು ನೋಡಿ ಶಕುನ ಕೇಳುತ್ತಾಳೆ; ಆಫ್ರಿಕಾದ ಹೆಂಗಸು ಎಂದರೆ ಇದೊಂದು ಇರಲೇಬೇಕೇ? ಅಸಿತಾ ಊಡ್ರಾವೋಗೊಳ ನೆಟ್ಟ ನೋಟವೇ ಸಾಕಿತ್ತು. ಗಂಡ ಓಡಿಹೋದ ಎಂಬ ಸುಳ್ಳನ್ನು ಆ ನೋಟ ಒಂದು ಗಳಿಗೆಯೂ ನಂಬುವುದಿಲ್ಲ.

ಕೊನೆಗೆ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಇಗೋರ್ ಹೇಳುತ್ತಾನೆ. ಪೊಲೀಸರಿಗಲ್ಲ, ಅವಳಿಗೆ. ಅವಳು ರೈಲು ಹತ್ತದೆ ತಿರುಗಿ ನಡೆಯುತ್ತಾಳೆ, ಅವನೂ ಜೊತೆಗೆ. ಕಥೆಯನ್ನು ನಡುವೆ ಕೈಬಿಟ್ಟರು ಎಂದು ಮೊದಲ ಸಲ ಅನ್ನಿಸಬಹುದು. ಆದರೆ ಠಾಣೆಗೆ ಹೋದರೆ ಗಂಡನ ಸಾವಿಗೆ ನ್ಯಾಯ ಸಿಗಬಹುದು, ಅವಳನ್ನೇ ದೇಶದಿಂದ ಹೊರಗೆ ಹಾಕಲೂಬಹುದು. ದೂರು ಕೊಡುವ, ಬಿಡುವ ತೀರ್ಮಾನ ಅಲ್ಲಿಯವರೆಗೆ ಅಪ್ಪ ಮಗನ ಕೈಯಲ್ಲಿತ್ತು. ಈಗ ಅದು ಅವಳದು.